ಒಡೆದ ಹಡಗುಗಳ ಮಹಡಿ

ನಚಿಕೇತನ ಬೆರಳಿಗೆ ದರ್ಭೆಯ ಪವಿತ್ರ ತೊಡಿಸುತ್ತಿದ್ದ ಶಾಸ್ತ್ರಿಗಳು ಅರ್ಧಕ್ಕೆ ಕೈ ತಡೆದರು. ಪಕ್ಕದಲ್ಲಿದ್ದ ಪಂಚಾಂಗವನ್ನು ಮತ್ತೆ ಕೈಗೆತ್ತಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು.

"ನಿನ್ನೆ ಎಷ್ಟು ಹೊತ್ತಿಗೆ ಹೋಗಿದ್ದು ಅಂದ್ರಿ?"

"ಆರು ಗಂಟೆ," ಎಂದಳು ಅಲಮೇಲು. ಸತ್ತವರ ತಂಗಿ ಅವಳು; ನಚಿಕೇತನ ತಾಯಿ. ಅಣ್ಣನಿಗೆ ಗಂಡುಮಕ್ಕಳಿಲ್ಲದ್ದರಿಂದ ತನ್ನ ಮಗನೇ ಕರ್ಮ ಮಾಡುವುದೆಂದು ತಾನೇ ತೀರ್ಮಾನಿಸಿ, ಬೆಳಗಿನಿಂದ ಎಲ್ಲರ ಪ್ರಶ್ನೆಗಳಿಗೂ ತಾನೇ ಉತ್ತರ ಕೊಡುತ್ತಿದ್ದಳು. "ಆರಕ್ಕೆ ಅತ್ತಿಗೆ ಕೂಗಿಕೊಂಡ್ರು. ಕೆಳಗಡೆಯವರು ಓಡಿ ಬಂದ್ರು."

"ಕೂಗಿಕೊಂಡಿದ್ದು ಆರಕ್ಕೆ ಸರಿ. ಹೋಗಿದ್ದು ಯಾವಾಗ?"

 ಅಲಮೇಲು ಅತ್ತಿಗೆಯ ಕಡೆ ತಿರುಗಿದಳು.

ಅಮ್ಮಣ್ಣಿ ಗಂಡನ ತಲೆಯ ಹತ್ತಿರ, ದೀಪದ ಪಕ್ಕದಲ್ಲಿ ಕೂತಿದ್ದಳು. ಅನಂತರಾಮು ದಕ್ಷಿಣಕ್ಕೆ ತಲೆ ಮಾಡಿ ಮಲಗಿದ್ದರು. ಬಾಯಿ ತೆರೆದುಕೊಳ್ಳದಿರಲೆಂದು ದವಡೆಯ ಸುತ್ತ ಪಂಚೆಯ ಚೂರೊಂದನ್ನು ಕಟ್ಟಿದ್ದರು. ಬಲಗೈ ಹೆಬ್ಬೆರಳಿನ ಉಗುರಂಚಿಗೆ ನೀಲಿ ಬಣ್ಣ ಹಾಗೇ ಅಂಟಿತ್ತು. ಸ್ನಾನ ಮಾಡಿಸಿದವರು ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

"ಡಾಕ್ಟರು ಏನಂದ್ರು?"

"ಒಂದೆರಡು ಗಂಟೆ ಆಗಿರಬಹುದು, ಹಾರ್ಟು, ಅಂದ್ರು ಅಷ್ಟೆ," ಎಂದ ನಚಿಕೇತ.

ಶಾಸ್ತ್ರಿಗಳು ಪಂಚಾಂಗ ಮುಚ್ಚಿದರು. "ನೋಡಿ, ನಾಲ್ಕೂವರೆವರೆಗೆ ಶ್ರವಣ ನಕ್ಷತ್ರ. ಅಲ್ಲಿಂದಾಚೆಗೆ ಧನಿಷ್ಠೆ. ಶ್ರವಣದಲ್ಲಿ ಹೋಗಿದ್ರೆ ಯಾವ ತಾಪತ್ರಯವೂ ಇಲ್ಲ. ಧನಿಷ್ಠೆ ಅಂದ್ರೆ ಆರು ತಿಂಗಳು ಮನೆ ಬಿಡಬೇಕು. ಬಾಗಿಲಿಗೆ ಮುಳ್ಳಿಟ್ಟು ಬೀಗ ಹಾಕ್ಬೇಕು. ಒಳಗೆ ಯಾರೂ ದೀಪ ಹಚ್ಚೋ ಹಾಗಿಲ್ಲ."

"ಶಾಂತಿ ಮಾಡಿಸಿದ್ರೆ?"

"ಶಾಂತಿನೂ ಮಾಡಿಸ್ಬೇಕು, ಮನೆನೂ ಬಿಡಬೇಕು. ಇಲ್ದಿದ್ರೆ ಅದೇ ಕಟ್ಟಡದಲ್ಲಿ ಇನ್ನೊಂದು..." ಎಂದು ನಿಲ್ಲಿಸಿ, "ಬೇಡ, ಅದನ್ನ ಬಾಯಲ್ಲಿ ಆಡಬಾರದು," ಎಂದರು.

ಆಡದಿದ್ದರೂ ಎಲ್ಲರ ಕಣ್ಣೂ ಬಾಗಿಲಿನ ಕಡೆ ಹೋಯಿತು. ಅಲ್ಲಿ ಮನೆ ಮಾಲೀಕ ಸಿದ್ದಲಿಂಗಯ್ಯ ಹೆಗಲ ಮೇಲೆ ಟವಲು ಹಾಕಿಕೊಂಡು ನಿಂತಿದ್ದರು. ಕೆಳಗಿನ ಮನೆಯಲ್ಲಿ ಅವರ ಸೊಸೆ ರಾಜಶ್ರೀಗೆ ಏಳು ತಿಂಗಳು.

"ಸ್ವಾಮಿ, ನಮ್ಮಲ್ಲಿ ಈ ನಕ್ಷತ್ರಗಿಕ್ಷತ್ರ ಎಲ್ಲ ಇಲ್ಲ," ಎಂದರು ಸಿದ್ದಲಿಂಗಯ್ಯ. "ವಿಭೂತಿ ಹಚ್ಚಿ ಮಣ್ಣು ಮಾಡಿದ್ರೆ ಮುಗೀತು. ಕಿವಿಗೆ ಬೀಳ್ದೇ ಇದ್ದಿದ್ರೆ ನನಗೇನೂ ಇರ್ಲಿಲ್ಲ. ಈಗ ಬಿದ್ದುಬಿಡ್ತಲ್ಲ. ಇನ್ನು ನಾನು ಹೆಂಗೆ ನಿದ್ದೆ ಮಾಡ್ಲಿ ಹೇಳಿ?"

"ಆರು ತಿಂಗಳಾದ್ಮೇಲೆ ಅಮ್ಮ ವಾಪಸ್ ಬರಬಹುದಲ್ವಾ ಅಂಕಲ್?" ಎಂದು ಧೃತಿ ಕೇಳಿದಳು. ಅಮ್ಮಣ್ಣಿಯ ಒಬ್ಬಳೇ ಮಗಳು.

"ನೋಡೋಣಮ್ಮ. ಮಗನೂ ಮೇಲೆ ಬಂದು ಇರ್ತೀನಿ ಅಂತಿದಾನೆ. ನೋಡೋಣ."

ಆ ಎರಡು 'ನೋಡೋಣ'ಗಳ ಅರ್ಥ ಅಲ್ಲಿದ್ದ ಎಲ್ಲರಿಗೂ ಆಯಿತು.

ಜಾಗ ಮಾಡಲೆಂದು ರಾತ್ರಿಯೇ ಮಂಚವನ್ನು ಹೊರಗಿನ ತಾರಸಿಗೆ ಸಾಗಿಸಿದ್ದರು. ಮಂಚದ ಕೆಳಗೆ ಇದ್ದ ಚಿತ್ರಗಳೆಲ್ಲ ಈಗ ಗೋಡೆಗೆ ಒರಗಿ ನಿಂತಿದ್ದವು. ಬಂದವರು ಮೊದಲು ಹೆಣವನ್ನು ನೋಡಿ, ಕೈಮುಗಿದು, ಆಮೇಲೆ ಅವನ್ನು ನೋಡುತ್ತಿದ್ದರು. ಎಲ್ಲದರಲ್ಲೂ ಕರಿಯ ಬಂಡೆಗಳು, ಬಂಡೆಗಳ ಮೇಲೆ ಮಗ್ಗುಲಾದ ಹಳೆಯ ಕಾಲದ ಹಾಯಿಹಡಗು, ಮುರಿದ ಕಂಬ, ಹರಿದ ಹಾಯಿ. ಎದುರುಮನೆಯಾಕೆ ಪಕ್ಕದವಳ ಕಿವಿಯಲ್ಲಿ, "ಇಂಥದ್ದನ್ನೆಲ್ಲ ತಲೆ ಕೆಳಗಿಟ್ಕೊಂಡು ಮಲಗಿದ್ರೆ ಇನ್ನೇನಾಗತ್ತೆ ಹೇಳಿ," ಎಂದದ್ದು ಅಮ್ಮಣ್ಣಿಗೂ ಕೇಳಿಸಿತು.

ಹೋಗುವುದಾದರೆ ಎಲ್ಲಿಗೆ? ಧೃತಿ ಬಿಟಿಎಮ್ಮಿನಲ್ಲಿ ಎರಡು ರೂಮಿನ ಬಾಡಿಗೆ ಮನೆಯಲ್ಲಿದ್ದಳು. ಒಂದರಲ್ಲಿ ಅವಳ ಅತ್ತೆ, ಹಾಸಿಗೆ ಹಿಡಿದವರು. ಅಲಮೇಲು ಬೆಳಿಗ್ಗೆಯೇ ಹೇಳಿದ್ದಳು: "ಸುಬ್ರಹ್ಮಣ್ಯಪುರಕ್ಕೆ ಬಂದುಬಿಡಿ ಅತ್ತಿಗೆ, ಮಹಡಿ ಮೇಲೊಂದು ರೂಮಿದೆ. ಆದ್ರೆ ಆ ಹಡಗುಗಳು ಮಾತ್ರ ಬೇಡ. ನಮ್ಮನೆಯವರು ವಾಸ್ತು ಅಂದ್ರೆ ಪ್ರಾಣ ಬಿಡ್ತಾರೆ. ಮೀನಿನ ತೊಟ್ಟಿ ಇಡೋದಕ್ಕೂ ಒಬ್ಬನ್ನ ಕರೆಸಿ ಕೇಳಿದ್ರು." ಹಡಗುಗಳನ್ನು ಏನು ಮಾಡುವುದೆಂದು ಕೇಳಿದ್ದಕ್ಕೆ, "ಹಳೇ ಪೇಪರಿನವನು ಬರ್ತಾನಲ್ಲ," ಎಂದಿದ್ದಳು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅವಳಿಗೆ ಬೇರೇನೂ ಹೊಳೆದಿರಲಿಲ್ಲ, ಅಷ್ಟೆ.

"ಅಮ್ಮಾ," ಎಂದರು ಶಾಸ್ತ್ರಿಗಳು, ದನಿ ತಗ್ಗಿಸಿ. "ನಿನ್ನೆ ಮಧ್ಯಾಹ್ನ ಅವರ ಜೊತೆಗೆ ಇದ್ದಿದ್ದು ನೀವೊಬ್ರೇ. ಕಾಫಿ ಕುಡಿದಿದ್ರಾ?"

"ಇಲ್ಲ. ಇಟ್ಟಿದ್ದೆ. ಹಾಗೇ ಇತ್ತು."

"ಇಟ್ಟಿದ್ದು ಎಷ್ಟು ಹೊತ್ತಿಗೆ?"

"ನಾಲ್ಕಕ್ಕೆ."

"ಹಾಗಾದ್ರೆ ಅಷ್ಟರಲ್ಲೇ ಹೋಗಿರಬಹುದು. ಅದಾದ್ಮೇಲೆ ಅವರು ಮಾತಾಡ್ಲಿಲ್ಲ ಅಂತ ನೀವೊಂದು ಮಾತು ಹೇಳಿಬಿಟ್ರೆ ಸಾಕು. ನಾನು ಶ್ರವಣ ಅಂತ ಸಂಕಲ್ಪ ಹೇಳ್ತೀನಿ. ವ್ಯಾನು ಬರೋಕೆ ಇನ್ನೂ ಹೊತ್ತಿದೆ. ನಿಧಾನವಾಗಿ ಯೋಚನೆ ಮಾಡಿ."

*

ಅನಂತರಾಮು ಸರ್ವೆ ಆಫೀಸಿನಲ್ಲಿ ಟ್ರೇಸರ್ ಆಗಿದ್ದವರು. ಹಳ್ಳಿಗಳ ಹಳೆಯ ನಕ್ಷೆಗಳ ಮೇಲೆ ತೆಳುವಾದ ಕಾಗದ ಹಾಸಿ, ಕೆರೆ, ಕಾಲುದಾರಿ, ಗೋಮಾಳದ ಗಡಿ ಎಲ್ಲವನ್ನೂ ಮಸಿಯಲ್ಲಿ ಎತ್ತಿ ಬರೆಯುವ ಕೆಲಸ. ಸೇರಿದ ಹೊಸದರಲ್ಲಿ ಒಮ್ಮೆ ಭಟ್ಕಳದ ಕಡೆಗೆ ಕಳಿಸಿದ್ದರಂತೆ. ಅಲ್ಲಿ ನೀರು ಇಳಿದಿದ್ದ ಹೊತ್ತಿನಲ್ಲಿ ಬಂಡೆಗಳ ನಡುವೆ ಹಾಯಿಹಡಗೊಂದರ ಪಕ್ಕೆಲುಬುಗಳು ಎದ್ದು ನಿಂತಿದ್ದನ್ನು ನೋಡಿದರಂತೆ. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬ ಮುದುಕ ಅದು ಪರಂಗಿಯವರದು ಎಂದ. ಇನ್ನೊಬ್ಬ, ಅಲ್ಲ, ನಮ್ಮವರದೇ, ಹಂಚು ತುಂಬಿಕೊಂಡು ಹೋಗುತ್ತಿತ್ತು ಎಂದ. ಇಬ್ಬರೂ ಜಗಳವಾಡಿಕೊಂಡರು. ಆದರೆ ಅದು ಎಲ್ಲಿಗೆ ಹೊರಟಿತ್ತೆಂದು ಕೇಳಿದರೆ ಇಬ್ಬರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ಅವರೊಬ್ಬರೇ ಬಸ್ಸು ಹತ್ತಿ ಹೋಗಿ ಕೆಲವು ದಿನ ಕರಾವಳಿಯಲ್ಲಿದ್ದು ಬರುತ್ತಿದ್ದರು. ಯಾವ ಬಂಡೆಗೆ ಯಾವ ಕಾಲದಲ್ಲಿ ಯಾವ ಹಡಗು ಬಡಿಯಿತೆಂದು ಕಂಡಕಂಡವರನ್ನು ಕೇಳಿ, ಬಂಡೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಬರುವುದು. ಉಳಿದ ವರ್ಷವೆಲ್ಲ ಅದನ್ನೇ ಜಲವರ್ಣದಲ್ಲಿ ಬರೆಯುವುದು. ಅಮ್ಮಣ್ಣಿ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಡುತ್ತಿದ್ದಳು. ಅವಳು ಸಮುದ್ರ ನೋಡಿರಲಿಲ್ಲ. ಮೊದಮೊದಲು ಧೃತಿ ಕೂಸು; ಆಮೇಲೆ ತನ್ನ ಅತ್ತೆಗೆ ಲಕ್ವ; ಆಮೇಲೆ ಧೃತಿಯ ಪರೀಕ್ಷೆಗಳು, ಮದುವೆ. ಕಾರಣಗಳೆಲ್ಲ ಮುಗಿಯುವ ಹೊತ್ತಿಗೆ ಕೇಳುವುದು ಬಿಟ್ಟುಹೋಗಿತ್ತು. ಅವರೂ ಕರೆಯಲಿಲ್ಲ. ಕರೆಯಬಾರದೆಂದಲ್ಲ, ಅವರಿಗೆ ಅದು ಹೊಳೆಯಲಿಲ್ಲ.

ಚಿತ್ರ ಬರೆಯುವುದರಲ್ಲಿ ಅವರದೊಂದು ಕ್ರಮವಿತ್ತು. ಮೊದಲು ಪೆನ್ಸಿಲಿನಲ್ಲಿ ಇಡೀ ಹಡಗನ್ನು ಬರೆಯುತ್ತಿದ್ದರು. ಒಂದು ಹಗ್ಗ ಬಿಡದೆ, ಒಂದು ಗಂಟು ಬಿಡದೆ, ಹಾಯಿ ಬಿಚ್ಚಿ ಹೊರಟು ನಿಂತ ಹಡಗು. ಅದಕ್ಕೇ ಒಂದು ತಿಂಗಳು ಹಿಡಿಯುತ್ತಿತ್ತು. ಆಮೇಲೆ ಅದರ ಮೇಲೆ ಬಂಡೆ, ಅಲೆ, ಮುರಿದ ಹಲಗೆಗಳ ಬಣ್ಣ. ನೊರೆಗೆ ಬಿಳಿ ಬಣ್ಣ ಹಚ್ಚುತ್ತಿರಲಿಲ್ಲ. ಅಷ್ಟು ಜಾಗದಲ್ಲಿ ಕಾಗದವನ್ನು ಹಾಗೇ ಬಿಡುತ್ತಿದ್ದರು. ಬೆಳಕಿಗೆ ಹಿಡಿದು ನೋಡಿದರೆ ಸಮುದ್ರದ ಕೆಳಗೆ ಪೆನ್ಸಿಲಿನ ಹಡಗು ಮಸುಕಾಗಿ ಕಾಣುತ್ತಿತ್ತು.

"ಇಷ್ಟೆಲ್ಲ ಬರೆದು ಮುಚ್ಚಿ ಹಾಕ್ತೀರಲ್ಲ," ಎಂದು ಒಮ್ಮೆ ಊಟಕ್ಕೆ ಬಡಿಸುವಾಗ ಅಮ್ಮಣ್ಣಿ ಕೇಳಿದ್ದಳು.

"ಏನು ಒಡೀತು ಅಂತ ನನಗಾದ್ರೂ ಗೊತ್ತಿರಬೇಕಲ್ಲ ಕಣೇ," ಎಂದಿದ್ದರು.

ಊಟದ ಹೊತ್ತಿನಲ್ಲೇ ಕೇಳಬೇಕಿತ್ತು. ಬಣ್ಣ ಹಾಸುವಾಗ ಅವರು ಮಾತಾಡುತ್ತಿರಲಿಲ್ಲ. ಆಕಾಶವನ್ನೋ ನೀರನ್ನೋ ಹಾಸುತ್ತಿರುವಾಗ ನಡುವೆ ಕುಂಚ ಎತ್ತಿದರೆ ಒದ್ದೆಯ ಅಂಚು ಒಣಗಿ ಅಲ್ಲೊಂದು ಗೆರೆ ಕೂತುಬಿಡುತ್ತದೆ, ಏನು ಮಾಡಿದರೂ ಹೋಗುವುದಿಲ್ಲ ಎನ್ನುತ್ತಿದ್ದರು. ಆದ್ದರಿಂದ ಅವಳು ಹಿಂದೆ ಕೂತು ಮಾತಾಡಬಹುದು, ಅವರು ಉತ್ತರ ಕೊಡುವುದಿಲ್ಲ ಎಂದು ಇಬ್ಬರ ನಡುವೆ ತಾನಾಗಿಯೇ ಒಪ್ಪಂದವಾಗಿತ್ತು. ಮಧ್ಯಾಹ್ನ ಕೇಳಿದ್ದಕ್ಕೆ ರಾತ್ರಿ ಸಾರನ್ನಕ್ಕೆ ಕೈಹಾಕುತ್ತ, "ಬೇಡ, ಅವರಿಗೆ ಸಾವಿರ ಸಾಕು," ಎಂದುಬಿಡುವರು. ಯಾರಿಗೆ, ಏನು ಎಂದು ಅವಳು ನೆನಪಿಸಿಕೊಳ್ಳಬೇಕು.

ಒಂದು ಸಲ ಆಫೀಸಿನವರೊಬ್ಬರು ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ಬೇಡವೆಂದು ಅಮ್ಮಣ್ಣಿ ಹೇಳುತ್ತಿದ್ದಂತೆಯೇ ಅನಂತರಾಮು ತಮ್ಮ ಒಳ್ಳೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ತೆಗೆದುಕೊಂಡು ಹೋದರು. ಆ ಮನೆಯ ಅಜ್ಜಿ ಕಾಗದ ಬಿಚ್ಚಿಸಿ ನೋಡಿ, "ಇದೇನಪ್ಪಾ, ಹಾಲುಕ್ಕಿಸೋ ದಿನ ಮುಳುಗಿದ ಹಡಗು ತಂದಿದೀಯಲ್ಲ," ಎಂದರು. ಮಾರನೆಯ ವಾರ ಚಿತ್ರ ತೆಂಗಿನಕಾಯಿ, ವೀಳ್ಯದೆಲೆ ಸಮೇತ ವಾಪಸ್ಸು ಬಂತು. ಅಮ್ಮಣ್ಣಿ ಅಡುಗೆಮನೆಯಲ್ಲಿ ಕೂತು ಅತ್ತಳು. ಅನಂತರಾಮು ಚಿತ್ರವನ್ನು ಕಿಟಕಿಯ ಹತ್ತಿರ ಹಿಡಿದು, "ಒಳ್ಳೇದೇ ಆಯ್ತು ಬಿಡು. ಎಡಗಡೆ ಬಂಡೆ ಸರಿಯಾಗಿರ್ಲಿಲ್ಲ," ಎಂದರು. ಆ ತೆಂಗಿನಕಾಯಿಯಲ್ಲಿ ಅವತ್ತೇ ಚಟ್ನಿ ಮಾಡಿಸಿಕೊಂಡು ತಿಂದರು.

*

ನಿನ್ನೆ ಅವಳು ನೆನೆಸಿದ್ದ ಅವರೆಕಾಳು ಹಿದುಕುತ್ತ ಅವರ ಹಿಂದೆ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಅವರು ಕಿಟಕಿಯ ಮೇಜಿಗೆ ಬಾಗಿ ಸಮುದ್ರ ಹಾಸುತ್ತಿದ್ದರು. ಅವಳಿಗೆ ಕಾಣುತ್ತಿದ್ದದ್ದು ಅವರ ಬೆನ್ನು, ಮಫ್ಲರು, ಮೊಣಕೈ. ಕಾಫಿಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟಿದ್ದಳು. ಕುಡಿಯಲಿಲ್ಲ. ಅದೇನೂ ಹೊಸದಲ್ಲ. ಆರಿದ ಕಾಫಿಯೇ ಅವರಿಗೆ ಅಭ್ಯಾಸ.

ಅವಳು ಮಾತಾಡಿದಳು. ಧೃತಿಯ ಅತ್ತೆಯ ಬೆನ್ನುಹುಣ್ಣು, ಗ್ಯಾಸಿನವನ ಸೊಕ್ಕು, ಡಿಸೆಂಬರಿನಲ್ಲಿ ಮಾವಿನಕಾಯಿ ಬೇಕೆನ್ನುವ ರಾಜಶ್ರೀಯ ಬಯಕೆ. ಕೆಳಗೆ ಸಿದ್ದಲಿಂಗಯ್ಯ ಮೋಟಾರು ಹಾಕಿದರು. ಐದು ಗಂಟೆಯಾಯಿತೆಂದು ಗೊತ್ತಾಯಿತು. ಆ ಮನುಷ್ಯ ಮಗಳ ಮದುವೆಯ ದಿನವೂ ಐದಕ್ಕೇ ಮೋಟಾರು ಹಾಕಿದ್ದರು. ಟ್ಯಾಂಕು ತುಂಬಿ, ಮೋಟಾರು ನಿಂತಿತು. ಬೀದಿಯಲ್ಲೂ ಯಾವ ಸದ್ದೂ ಇರಲಿಲ್ಲ.

ಆ ನಿಶ್ಶಬ್ದದಲ್ಲಿ ಅವಳ ಬಾಯಿಂದ ಮಾತು ಬಂದುಬಿಟ್ಟಿತು. "ಈ ಸಲ ನಾನೂ ಬರ್ಲಾ, ನಿಮ್ಮ ಜೊತೆ?"

"ಹೂಂ."

ಅವರೆಬೇಳೆಯೊಂದು ಬೆರಳುಗಳ ನಡುವಿನಿಂದ ಚಿಮ್ಮಿ ಗೋಡೆಗೆ ಬಡಿಯಿತು. ಅವಳು ತಲೆ ಎತ್ತಲಿಲ್ಲ. ಎದ್ದುಹೋಗಿ ಮುಖ ನೋಡಿದರೆ, ಏನಂದ್ರಿ ಎಂದು ಇನ್ನೊಮ್ಮೆ ಕೇಳಿದರೆ, ಅದು ಇಲ್ಲವಾಗಬಹುದೆಂದು ಹೆದರಿಕೆಯಾಯಿತು. ಅದಕ್ಕೇ ಆಗಿಹೋದ ಮಾತಿನಂತೆ ಮುಂದುವರಿಸಿದಳು: ಬಸ್ಸಿನಲ್ಲಿ ತನಗೆ ವಾಂತಿಯಾಗುತ್ತದೆ, ನಿಂಬೆಹಣ್ಣು ಇಟ್ಟುಕೊಳ್ಳಬೇಕು, ಹಾಲಿನವನಿಗೆ ಹೇಳಬೇಕು, ತುಳಸಿಗೆ ನೀರು ಹಾಕಲು ರಾಜಶ್ರೀಗೆ ಹೇಳಿದರಾಯಿತು, ಮಂಗಳವಾರ ಬೇಡ, ಬುಧವಾರ ಹೊರಡೋಣ. ಮದುವೆಯಾದ ಮೇಲೆ ಅಷ್ಟು ಹೊತ್ತು ಅಷ್ಟು ಸಂತೋಷದಿಂದ ಅವಳು ಮಾತಾಡಿದ್ದು ನೆನಪಿರಲಿಲ್ಲ. ಅವರೆಬೇಳೆ ಪಾತ್ರೆ ತುಂಬಿತು. ಕತ್ತಲಾಗುತ್ತ ಬಂತು.

"ಕಣ್ಣು ಹೋಗತ್ತೆ, ಲೈಟ್ ಹಾಕ್ತೀನಿ ತಾಳಿ," ಎಂದು ಎದ್ದು ಸ್ವಿಚ್ಚು ಒತ್ತಿದಳು.

ಕುಂಚ ಬೆರಳುಗಳಲ್ಲೇ ಇತ್ತು. ಗದ್ದ ಮಫ್ಲರಿನ ಮೇಲೆ ಇಳಿದಿತ್ತು. ಕಾಗದದ ಮೇಲೆ ಸಮುದ್ರ ಅರ್ಧ ದೂರ ಬಂದು ನಿಂತಿತ್ತು. ನಿಂತಲ್ಲಿ ಒಂದು ಗಟ್ಟಿ ನೀಲಿ ಗೆರೆ ಒಣಗಿ ಕೂತಿತ್ತು. ಅದರಾಚೆಗೆ ಪೆನ್ಸಿಲಿನ ಹಡಗಿನ ಉಳಿದರ್ಧ, ಹಾಯಿಗಳೆಲ್ಲ ಬಿಚ್ಚಿಕೊಂಡು.

ಆ ಗೆರೆ ಅವರು ಸತ್ತ ಜಾಗವೋ ಅಥವಾ ತನಗೆ ಉತ್ತರ ಕೊಡಲೆಂದು ಕುಂಚ ಎತ್ತಿದ ಜಾಗವೋ? ಆರು ಗಂಟೆಯಿಂದ ಇಲ್ಲಿಯವರೆಗೆ ಅಮ್ಮಣ್ಣಿ ಬೇರೇನನ್ನೂ ಯೋಚಿಸಿರಲಿಲ್ಲ.

*

ಧೃತಿ ಅಮ್ಮನ ಕೈ ಹಿಡಿದು ತಾರಸಿಗೆ ಕರೆದುಕೊಂಡು ಬಂದಳು. ಅವಳ ಕಣ್ಣುಗಳು ಊದಿಕೊಂಡಿದ್ದವು.

"ಅಮ್ಮ, ನಾಲ್ಕು ಅಂತ ಹೇಳಿಬಿಡು."

"ನಾಲ್ಕಕ್ಕಲ್ಲ ಕಣೇ."

"ಆಯ್ತು, ನಾಲ್ಕೂಕಾಲು. ಶಾಸ್ತ್ರಿಗಳೇ ದಾರಿ ತೋರಿಸ್ತಿದಾರೆ. ನಿನಗೆ ಹೇಗೆ ಗೊತ್ತು, ನೀನೇನು ನಾಡಿ ಹಿಡ್ಕೊಂಡಿದ್ಯಾ? ನಮ್ಮನೆ ಪರಿಸ್ಥಿತಿ ನಿನಗೆ ಗೊತ್ತಿಲ್ವಾ? ಅಲಮೇಲತ್ತೆ ಮನೇಲಿ ಒಂದು ವಾರ ಇರ್ತೀಯಾ ನೀನು? ಅಪ್ಪನ ಚಿತ್ರಗಳನ್ನ ಎಲ್ಲಿಡ್ತೀಯಾ?" ಎಂದವಳು, ತನ್ನ ದನಿಗೆ ತಾನೇ ಬೆಚ್ಚಿದವಳಂತೆ ನಿಲ್ಲಿಸಿ, "ಮುಖ ತೊಳ್ಕೊಂಡು ಬಾ," ಎಂದು ಒಳಗೆ ಹೋದಳು.

ಅಮ್ಮಣ್ಣಿ ನಲ್ಲಿ ತಿರುಗಿಸಿದಳು. ಮೆಟ್ಟಿಲ ತಿರುವಿನಿಂದ ಸಣ್ಣಗೆ ಕರೆದ ಹಾಗಾಯಿತು. ರಾಜಶ್ರೀ ಲೋಟ ಹಿಡಿದು ನಿಂತಿದ್ದಳು. ಗದಗಿನ ಹುಡುಗಿ. ಮದುವೆಯಾಗಿ ಬಂದ ಮೊದಲ ದಿನಗಳಲ್ಲಿ ಅತ್ತುಕೊಂಡು ಮೇಲೆ ಬಂದು ಅಮ್ಮಣ್ಣಿಯ ಅಡುಗೆಮನೆಯಲ್ಲಿ ಕೂರುತ್ತಿದ್ದವಳು.

"ಅಮ್ಮಾರ, ಒಂದ ಗುಟುಕು ಹಾಲು ಕುಡೀರಿ. ಮ್ಯಾಲೆ ಬರಬ್ಯಾಡಂತ ನಮ್ಮ ಮಾವಾರು ಹೇಳ್ಯಾರ. ಅದಕ್ಕ ಇಲ್ಲೇ ನಿಂತೇನಿ."

"ಇಲ್ಲೂ ನಿಲ್ಲಬೇಡ, ಹೋಗು ತಾಯಿ."

"ನಾ ಏನ ಅಂಜಂಗಿಲ್ರಿ. ನಾ ಹುಟ್ಟಿದ ದಿನಾ ಬಾಜೂ ಮನ್ಯಾಗ ಹೆಣಾ ಇತ್ತಂತ. ನೋಡ್ರಿ, ಹೆಂಗ ಗುಂಡಕಲ್ಲಿನಂಗ ಅದೇನಿ," ಎಂದು ನಗಲು ನೋಡಿದಳು. ಆಮೇಲೆ ಗೋಡೆಗೆ ಒರಗಿ, "ಮಾವಾರು ಹೇಳಿದ್ರು ಎಲ್ಲಾ. ಖರೇ ಹೇಳ್ರಿ ಅಮ್ಮಾರ, ನಾಕೂವರಿ ಆದಮ್ಯಾಲೆ ಅಜ್ಜಾರು ಮಾತಾಡಿದ್ರೇನ್ರಿ?"

ಬೆಳಗಿನಿಂದ ಎಲ್ಲರೂ ಏನು ಹೇಳಬೇಕೆಂದು ಹೇಳಿಕೊಟ್ಟಿದ್ದರು. ಏನಾಯಿತೆಂದು ಕೇಳಿದ್ದು ಇವಳೊಬ್ಬಳೇ.

"ಹೂಂ ಅಂದ್ರು," ಎಂದಳು ಅಮ್ಮಣ್ಣಿ. "ನಾನೂ ಸಮುದ್ರಕ್ಕೆ ಬರ್ಲಾ ಅಂತ ಕೇಳ್ದೆ. ಮೋಟಾರು ನಿಂತಿತ್ತು. ಹೂಂ ಅಂದ್ರು, ರಾಜಿ. ನನ್ನ ಕಿವಿಯಾರ ಕೇಳಿದೀನಿ."

"ಹೌದ್ರಿ?" ಎಂದಳು ರಾಜಶ್ರೀ. ಅವಳ ಮುಖದಲ್ಲಿ ನಗು ಹಾಗೇ ಇತ್ತು. "ಛಲೋ ಆತ ಬಿಡ್ರಿ. ನೀವು ಇದ್ದದ್ದ ಹೇಳ್ರಿ. ನನ್ನ ಸಲುವಾಗಿ ಏನೂ ಬ್ಯಾಡ್ರಿ, ನಾ ಇಂಥಾದ್ದೆಲ್ಲಾ ನಂಬಂಗಿಲ್ಲ."

ಮಾತಾಡುತ್ತಿರುವಂತೆಯೇ ಅವಳ ಎಡಗೈ ಸೆರಗಿನೊಳಗೆ ಸರಿದು ಹೊಟ್ಟೆಯ ಮೇಲೆ ಬೆರಳಗಲಿಸಿ ಕೂತಿತು. ಒಂದು ಮೆಟ್ಟಿಲು ಹಿಂದಕ್ಕೆ ಇಳಿದಳು. ಇಳಿದದ್ದು ಅವಳಿಗೇ ತಿಳಿದಂತಿರಲಿಲ್ಲ. ಹಾಲಿನ ಲೋಟವನ್ನು ಅಮ್ಮಣ್ಣಿಯ ಕೈಗೆ ಕೊಡುವ ಬದಲು ಮೇಲಿನ ಮೆಟ್ಟಿಲ ಮೇಲಿಟ್ಟಳು.

ಅಮ್ಮಣ್ಣಿ ಆ ಲೋಟವನ್ನೇ ನೋಡಿದಳು.

"ಇಲ್ಲ ಬಿಡು," ಎಂದಳು. "ಮುದುಕಿ, ಏನೋ ಭ್ರಮೆ. ಹೆಣದ ಜೊತೆ ಮಾತಾಡಿದೀನಿ ಅಂತ ಒಪ್ಪೋದಕ್ಕಾಗದೆ ಹೇಳ್ದೆ. ನೀನು ಕೆಳಗೆ ಹೋಗಿ ಮಲಕ್ಕೋ."

*

ಅವಳು ಒಳಗೆ ಬಂದಾಗ ವ್ಯಾನು ಬಂದಿತ್ತು. ಕೆಳಗೆ ಚಟ್ಟ ಕಟ್ಟುತ್ತಿದ್ದರು. ಶಾಸ್ತ್ರಿಗಳು ತಲೆ ಎತ್ತಿದರು. ಸಿದ್ದಲಿಂಗಯ್ಯ ಬಾಗಿಲಿನಲ್ಲಿ ಟವಲನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

ಅಮ್ಮಣ್ಣಿ ಗಂಡನ ಕಾಲ ಬಳಿ ನಿಂತಳು.

"ನಾಲ್ಕಕ್ಕೆ ಕಾಫಿ ಇಟ್ಟೆ. ಆಮೇಲೆ ಅವರು ಮಾತಾಡ್ಲಿಲ್ಲ."

"ಒಂದು ಮಾತೂ?"

"ಒಂದು ಮಾತೂ ಆಡ್ಲಿಲ್ಲ."

ದವಡೆಗೆ ಕಟ್ಟಿದ್ದ ಬಟ್ಟೆಯ ಗಂಟು ನೆತ್ತಿಯ ಮೇಲೆ ಎರಡು ಪುಟ್ಟ ಕಿವಿಗಳ ಹಾಗೆ ನಿಂತಿತ್ತು. ಅದನ್ನು ಸರಿಮಾಡಬೇಕೆನ್ನಿಸಿತು ಅವಳಿಗೆ. ಕೈ ಏಳಲಿಲ್ಲ.

"ಸರಿ. ಶ್ರವಣ," ಎಂದರು ಶಾಸ್ತ್ರಿಗಳು. ಸಿದ್ದಲಿಂಗಯ್ಯ ಉಸಿರು ಬಿಟ್ಟು, "ಅಮ್ಮಾ, ನೀವಿರೋತನಕ ಈ ಮಹಡಿ ನಿಮ್ದೇ. ಯಾವನೂ ಕೇಳಲ್ಲ," ಎಂದು ಹೇಳಿ, ಮೆಟ್ಟಿಲುಗಳನ್ನು ಹುಡುಗನಂತೆ ಇಳಿದು ಹೋದರು.

ಅಲಮೇಲು ಮಾತ್ರ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಈಗ ಲೆಕ್ಕ ಹತ್ತುತ್ತಿತ್ತು.

"ನಾಲ್ಕಕ್ಕೆ ಹೋಗಿದಾನೆ. ಆರಕ್ಕೆ ನೀನು ಕೂಗಿಕೊಂಡಿದೀಯಾ. ಅಲ್ಲೀತನಕ ಏನ್ ಮಾಡ್ತಿದ್ದೆ?"

"ಅವರೆಕಾಳು ಹಿದುಕ್ತಿದ್ದೆ."

"ನಮ್ಮಣ್ಣ ಅಲ್ಲಿ ಹೆಣವಾಗಿ ಕೂತಿದಾನೆ, ನೀನು ಅವರೆಕಾಳು..." ಅಲಮೇಲುವಿನ ದನಿ ಏರಿತು. "ಎರಡು ಗಂಟೆ! ಪಕ್ಕದ ಬೀದೀಲೇ ನರ್ಸಿಂಗ್ ಹೋಮ್ ಇತ್ತು. ಒಂದ್ಸಲ ಎದ್ದು ಮುಖ ನೋಡಿದ್ದಿದ್ರೆ ಬದುಕಿರ್ತಿದ್ದ. ಅವನು ಇದ್ದಾನಾ ಇಲ್ವಾ ಅಂತ್ಲೂ ತಿಳೀದೆ ಕೂತಿದ್ದೆಯಲ್ಲ, ಒಳ್ಳೇ ಸಂಸಾರ!"

"ಅಮ್ಮ, ಈಗ ಬೇಡ," ಎಂದ ನಚಿಕೇತ.

"ಬೇಡವಂತೆ! ನನಗೆ ಇದ್ದಿದ್ದು ಒಬ್ಬ ಅಣ್ಣ ಕಣೋ."

ಅಮ್ಮಣ್ಣಿ ಮಗಳ ಕಡೆ ನೋಡಿದಳು. ನಾಲ್ಕು ಎಂದು ಹೇಳಲು ಹೇಳಿದ್ದವಳು ಅವಳೇ. ಧೃತಿ ಗೋಡೆಗೆ ಒರಗಿದ್ದಳು. ಅವಳ ಮುಖದಲ್ಲಿ ಒಂದು ಹೊಸ ಸಂಶಯ ನಿಧಾನವಾಗಿ ಗಟ್ಟಿಯಾಗುತ್ತಿತ್ತು.

"ಕಾಫಿ ಇಡೋವಾಗ ನೀನು ಅಪ್ಪನ ಮುಖ ನೋಡ್ಲಿಲ್ವಾ ಅಮ್ಮ?"

ಅಮ್ಮಣ್ಣಿ ಬಾಯಿ ತೆರೆದಳು. ಎದುರಿಗೆ ಶಾಸ್ತ್ರಿಗಳು ಮಂತ್ರ ಶುರು ಮಾಡಿದ್ದರು. ಅವರ ಸಂಸ್ಕೃತದ ನಡುವೆ ಶ್ರವಣವೆಂಬ ಹೆಸರು ಬಂದು, ನಚಿಕೇತ ಅದನ್ನು ತೊದಲುತ್ತ ಹಿಂದೆ ಹೇಳಿ, ಆಗಿಹೋಯಿತು.

"ನೋಡ್ಲಿಲ್ಲ," ಎಂದಳು.

ಧೃತಿ ಗೋಡೆ ಬಿಟ್ಟು ಅಲಮೇಲುವಿನ ಪಕ್ಕಕ್ಕೆ ಹೋಗಿ ನಿಂತಳು.

ಚಟ್ಟ ಬಾಗಿಲಿನಲ್ಲಿ ತಿರುಗುವುದು ಕಷ್ಟವೆಂದು ಗಂಡಸರು ಗೋಡೆಗೆ ಒರಗಿಸಿದ್ದ ಚಿತ್ರಗಳನ್ನೆಲ್ಲ ಎತ್ತಿ ತಾರಸಿಯ ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿದರು. ಅಕ್ಕಿಕಾಳು ಹಾಕಿದ್ದಾಯಿತು. ಹೊತ್ತರು. ಮೆಟ್ಟಿಲಲ್ಲಿ ಯಾರೋ, "ತಲೆ ಕಡೆ ಎತ್ತು, ಎತ್ತು ಮಗಾ, ಗೋಡೆ ತಗಲತ್ತೆ," ಎನ್ನುತ್ತಿದ್ದರು. ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿತು. ಬನಶಂಕರಿ ಚಿತಾಗಾರ ದೂರವೇನಿರಲಿಲ್ಲ.

"ಮನೆ ತೊಳೀಬೇಕು," ಎಂದಳು ಅಲಮೇಲು, ಮೂಗೊರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು. "ಧೃತಿ, ನೀರು ಹಿಡಿ. ಇವರು ಸ್ನಾನಕ್ಕೆ ಹೋಗ್ಲಿ."

ಬಚ್ಚಲು ತಾರಸಿಯ ಮೂಲೆಯಲ್ಲಿತ್ತು. ಅಮ್ಮಣ್ಣಿ ಒಳಗೆ ಹೋಗಿ ಚಿಲಕ ಹಾಕಿಕೊಂಡು ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡಳು. ಇನ್ನೊಂದು ಚೊಂಬು. ಇನ್ನೊಂದು. ನೀರು ಕಿವಿಯೊಳಗೆ ಹೋದಾಗ ಹೊರಗಿನದೇನೂ ಕೇಳದಾಯಿತು. ಆ ಒಂದಿಷ್ಟು ಹೊತ್ತು ಅವಳು ಆ 'ಹೂಂ' ಅನ್ನು ಮತ್ತೆ ಕೇಳಲು ನೋಡಿದಳು. ಬೆಳಿಗ್ಗೆಯವರೆಗೆ ಅದು ಅವರ ದನಿಯಲ್ಲೇ, ಅದೇ ತೂಕದಲ್ಲಿ, ಬೇಕೆಂದಾಗ ಬರುತ್ತಿತ್ತು. ಈಗ ಬರಲಿಲ್ಲ. ಕೇಳಿದ್ದೆನೋ ಇಲ್ಲವೋ ಎಂದು ಅವಳಿಗೇ ಅನ್ನಿಸತೊಡಗಿತು. ಗಟ್ಟಿಯಾಗಿ ಕಣ್ಣು ಮುಚ್ಚಿ, "ಬರ್ಲಾ?" ಎಂದು ತುಟಿಯಲ್ಲೇ ಕೇಳಿ, ಕಾದಳು. ಬಕೆಟ್ಟಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

ಸೀರೆ ಸುತ್ತಿಕೊಂಡು ಬಾಗಿಲು ತೆರೆದಳು.

ತಾರಸಿಯೆಲ್ಲ ನೀರಾಗಿತ್ತು. ಒಳಗೆ ಅಲಮೇಲು ಬಕೆಟ್ಟಿನ ಮೇಲೆ ಬಕೆಟ್ಟು ಸುರಿದು, ಪೊರಕೆಯಿಂದ ರಭಸವಾಗಿ ಹೊರಕ್ಕೆ ದಬ್ಬುತ್ತಿದ್ದಳು. ನೀರು ಹೊಸ್ತಿಲು ದಾಟಿ ಬಂದು, ಗೋಡೆಯುದ್ದಕ್ಕೂ ನಿಂತಿದ್ದ ಚಿತ್ರಗಳ ಬುಡಕ್ಕೆ ನುಗ್ಗಿ, ಅಲ್ಲಿ ಒಂದಿಷ್ಟು ನಿಂತು, ಈ ಕಡೆಗೆ ಹರಿದು ಬರುವಾಗ ಬೇರೆ ಬಣ್ಣವಾಗಿತ್ತು. ಮೊದಲು ತಿಳಿಯಾದ ನೀಲಿ, ಅದರ ಹಿಂದೆ ಹಸಿರು ಬೂದು, ಅದರ ಹಿಂದೆ ಬಂಡೆಗಳ ಕಪ್ಪು. ಕಾಗದಗಳು ಕೆಳಗಿನಿಂದ ಮೇಲಕ್ಕೆ ಒದ್ದೆಯಾಗುತ್ತ, ಒಂದೊಂದಾಗಿ ಮುಂದಕ್ಕೆ ಬಾಗುತ್ತಿದ್ದವು.

"ಅತ್ತೇ, ನಿಲ್ಸಿ! ಅಪ್ಪನ ಚಿತ್ರ!" ಧೃತಿ ಒಳಗಿನಿಂದ ಓಡಿ ಬಂದು, ಜಾರಿ, ಮಂಡಿಯೂರಿ, ಕೈಗೆ ಸಿಕ್ಕವನ್ನೆಲ್ಲ ಎದೆಗೆ ಅವುಚಿಕೊಳ್ಳತೊಡಗಿದಳು. ಅಲಮೇಲು ಪೊರಕೆ ಎಸೆದು, "ಅಯ್ಯೋ, ಎತ್ತೇ, ಎತ್ತು, ಮಂಚದ ಮೇಲೆ ಹಾಕು," ಎಂದು ಕೂಗಿದಳು. ಆದರೆ ಕೊನೆಯ ಬಕೆಟ್ಟಿನ ನೀರು ಅಷ್ಟರಲ್ಲೇ ಹೊಸ್ತಿಲು ದಾಟಿಯಾಗಿತ್ತು.

ಅದು ತಾರಸಿಯ ಇಳಿಜಾರಿನಲ್ಲಿ ಅಂಚಿನುದ್ದಕ್ಕೂ ಬಿಳಿ ನೊರೆ ಹೊತ್ತು ಬಂತು. ಅಮ್ಮಣ್ಣಿಯ ಬರಿಗಾಲಿನ ಬೆರಳುಗಳನ್ನು ತಣ್ಣಗೆ ಮುಟ್ಟಿತು, ಗೋಡೆಗೆ ಬಡಿದು ಸ್ವಲ್ಪ ಹಿಂದಕ್ಕೆ ಸರಿಯಿತು, ಮತ್ತೆ ಬಂತು. ಅವಳು ಯಾರನ್ನೂ ಕರೆಯಲಿಲ್ಲ. ಎರಡು ಕೈಯಲ್ಲೂ ಸೀರೆಯ ನೆರಿಗೆಗಳನ್ನು ಗಿಣ್ಣಿನಿಂದ ಮೇಲಕ್ಕೆ ಎತ್ತಿ ಹಿಡಿದು, ಒಂದು ಹೆಜ್ಜೆ ಮುಂದೆ ಇಟ್ಟಳು.